ನೀಲವ್ವ ನಿಂತ ಜಾಗ

ನಮ್ಮ ಊರಿನಲ್ಲಿ ಸಮತಟ್ಟಾದ ಜಾಗವೆಂದರೆ ವಾಚನಾಲಯದ ಮೇಜು ಒಂದೇ. ಗುಡ್ಡದ ಕಡೆಗಿರುವ ಅದರ ಎರಡು ಕಾಲುಗಳನ್ನು ಬಡಿಗನಿಂದ ಗಿಡ್ಡ ಮಾಡಿಸಿದ್ದೇವೆ. ಉಳಿದದ್ದೆಲ್ಲ ಇಳಿಜಾರು. ಊರು ಗುಡ್ಡದ ನೆತ್ತಿಯಿಂದ ಒಂದೇ ಬೀದಿಯಾಗಿ ಕೆಳಗಿಳಿಯುತ್ತದೆ. ಆ ಬೀದಿ ಎಲ್ಲಿ ಮುಗಿಯುತ್ತದೆಂದು ನೋಡಿದವರು ಬಹಳ ಜನರಿದ್ದಾರೆ, ಬಂದು ಹೇಳಿದವರಿಲ್ಲ. ಅದನ್ನು ತಳ ಎಂದು ಕರೆದು ಸುಮ್ಮನಾಗುತ್ತೇವೆ. ವಾಚನಾಲಯವನ್ನು ನೋಡಿಕೊಳ್ಳುವವನು ನಾನು. ಯಾರಿಗೂ ಒಂದಕ್ಷರ ಕಲಿಸದಿದ್ದರೂ ಎಲ್ಲರೂ ಮಾಸ್ತರ್ ಎನ್ನುತ್ತಾರೆ. ಓದಲು ಬರುವವರು ಕಡಿಮೆ. ಮೇಜಿನ ಮೇಲೆ ಚಹದ ಲೋಟ ಇಟ್ಟು, ಅದು ಇಟ್ಟಲ್ಲೇ ಇರುವುದನ್ನು ನೋಡುವ ಸುಖಕ್ಕೆ ಬರುವವರು ಹೆಚ್ಚು.

ಕಂಬಳಿ ನೇಯುವ ಅಡಿವೆಪ್ಪ ಅಂಥವರಲ್ಲಿ ಒಬ್ಬ. ಬೀದಿಯ ಮೇಲ್ತುದಿಯಲ್ಲಿ ಅವನ ಮನೆ, ಮನೆಯೊಳಗೆ ಮಗ್ಗ, ಮಗ್ಗದ ಪಕ್ಕದಲ್ಲಿ ಉಣ್ಣೆಯ ನೂಲು ತೆಗೆಯುವ ಹೆಂಡತಿ ನೀಲವ್ವ. ಆಕೆಯ ಕೈಯ ನೂಲು ಹುರಿಯಂತೆ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ಮಕ್ಕಳಿಲ್ಲದ ಮನೆಯಲ್ಲಿ ಆ ಬಾಯಿಯೇ ನಾಲ್ಕು ಮಕ್ಕಳಷ್ಟು ಗದ್ದಲ ಮಾಡುತ್ತಿತ್ತು. ಒಂದು ಬೆಳಿಗ್ಗೆ ಅಡಿವೆಪ್ಪ ಬಂದವನು ಚಹ ತರಿಸಲಿಲ್ಲ. ಮೇಜಿನ ಅಂಚಿಗೆ ಕೈಯೂರಿ, ಮೇಜಿಗೇ ಹೇಳುವವನ ಹಾಗೆ ಹೇಳಿದ.

“ಮಾಸ್ತರ್ರ, ನಮ್ಮನ್ಯಾಕಿಗೆ ಹಿಡಿತ ಬಿಟ್ಟೈತ್ರಿ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿದ್ದಳಂತೆ. ಇದ್ದಕ್ಕಿದ್ದ ಹಾಗೆ ಒಲೆ ಯಾಕೆ ಹಿಂದೆ ಹೋಯಿತು ಎಂದು ಗಂಡನನ್ನು ಗದರಿಸಿದಳಂತೆ. ಒಲೆ ಇದ್ದಲ್ಲೇ ಇತ್ತು, ಆಕೆ ಬಾಗಿಲ ಕಡೆಗೆ ಒಂದು ಗೇಣು ಬಂದಿದ್ದಳು. ಏಳಲು ಹೋದರೆ ಅಂಗಾಲುಗಳು ನೆಲದ ಮೇಲೆ ನಿಲ್ಲಲಿಲ್ಲ, ಬೆಣ್ಣೆ ಮೆತ್ತಿದ ಹಾಗೆ ಸರಿದವು. ಕೂತಳು. ಕೂತಲ್ಲಿಂದಲೂ ಸರಿದಳು. ಅಡಿವೆಪ್ಪ ಅವಸರದಲ್ಲಿ ಹೊಸ ಕಂಬಳಿಯೊಂದನ್ನು ಅವಳ ಕೆಳಗೆ ಹಾಸಿದ. ಮೈಗೆ ಚುಚ್ಚುವ ಒರಟು ಕಂಬಳಿ. ಅದು ಆಕೆಯ ಮೈ ಸೋಕುತ್ತಲೇ ರೇಷ್ಮೆಯಾಗಿ, ಆಕೆಯ ಜೊತೆಗೇ ಹೊರಟಿತು.

ಹೀಗೆ ಹಿಡಿತ ಬಿಡುವುದು ನಮ್ಮಲ್ಲಿ ಹೊಸದಲ್ಲ. ಕೆಲವರಿಗೆ ಮುಪ್ಪಿನಲ್ಲಿ ಬಿಡುತ್ತದೆ, ಕೆಲವರಿಗೆ ಮೈಮೇಲಿನ ಅರಿಸಿನ ಆರುವ ಮೊದಲೇ. ಕೆಲವರಿಗೆ ಬಿಡುವುದೇ ಇಲ್ಲ. ಅವರು ಹಾಸಿಗೆಯ ಮೇಲೆ ಸತ್ತು ನೆರೆಹೊರೆಯವರ ಹೊಟ್ಟೆ ಉರಿಸುತ್ತಾರೆ. ಹಿಡಿತ ಬಿಟ್ಟವರು ಕೂತ ಮಣೆ, ಒರಗಿದ ಗೋಡೆ, ಕಟ್ಟಿದ ಹಗ್ಗ ಎಲ್ಲಕ್ಕೂ ಅದೇ ಗುಣ ಅಂಟುತ್ತದೆ. ಹಿಂದೊಮ್ಮೆ ಮೇಲಿನ ಓಣಿಯಲ್ಲಿ ಒಬ್ಬನು ತನ್ನ ತಾಯಿಯ ಮೇಲಿನ ಪ್ರೀತಿಯಿಂದ ಆಕೆಯನ್ನು ಗೋಡೆಗೆ ಒರಗಿಸಿ ಕಟ್ಟಿ ಕೂರಿಸಿಕೊಂಡ. ಮುಂದಿನ ಸುಗ್ಗಿಯ ಹೊತ್ತಿಗೆ ತಾಯಿ, ಗೋಡೆ, ಮಾಳಿಗೆ, ಮಾಳಿಗೆಯ ಮೇಲಿನ ಕುಂಬಳಬಳ್ಳಿ ಸಮೇತ ಇಡೀ ಮನೆ ಪಕ್ಕದ ಮನೆಯ ಮೇಲೆ ಬಂದು ನಿಂತಿತು. ಅಂದಿನಿಂದ ನಮ್ಮ ಮನೆಗಳ ಬಾಗಿಲಿಗೆ ಹೊಸ್ತಿಲಿಲ್ಲ. ಹೋಗುವವರು ಎಡವದೆ ಹೋಗಲಿ ಎಂದು.

ಅವರು ಹೋಗುವುದಕ್ಕೆ ಬೀದಿಯ ನಡುವೆ ಅಗಲವಾದ ಹಾಸುಗಲ್ಲಿನ ದಾರಿಯಿದೆ. ನಾವು ಓಡಾಡುವುದು ಅದರ ಎರಡು ಬದಿಯ ಒರಟು ಕಲ್ಲಿನ ಮೇಲೆ. ಪ್ರತಿ ಅಮಾವಾಸ್ಯೆಗೆ ಒಂದೊಂದು ಮನೆಯವರೂ ತಮ್ಮ ಬಾಗಿಲ ಮುಂದಿನಷ್ಟು ಹಾಸುಗಲ್ಲನ್ನು ತೊಳೆದು, ತಿಕ್ಕಿ, ಕುಸುಬೆ ಎಣ್ಣೆ ಸವರುತ್ತಾರೆ. ಇದಕ್ಕೆ ದಾರಿ ಬಿಡುವುದು ಎಂದು ಹೆಸರು. ಜಾರುವವರು ಯಾರ ಬಾಗಿಲಲ್ಲೂ ತಡೆಯದೆ ನೆಮ್ಮದಿಯಿಂದ ಮುಂದೆ ಹೋಗಲಿ ಎಂಬ ಕರುಣೆ. ಸೊಸೆ ನೋಡಲು ಹೋದವರು ಮೊದಲು ನೋಡುವುದು ಆ ಮನೆಯ ಮುಂದಿನ ಕಲ್ಲಿನಲ್ಲಿ ತಮ್ಮ ಮುಖ ಕಾಣುತ್ತದೆಯೋ ಇಲ್ಲವೋ ಎಂದು. ನೀಲವ್ವನ ಮನೆಯ ಮುಂದೆ ಚೆನ್ನಾಗಿ ಕಾಣುತ್ತಿತ್ತು.

ಊರ ಹಿರಿಯ ಫಕೀರಗೌಡರು ಸುದ್ದಿ ಕೇಳಿ ತಾವೇ ಬಂದರು. ಗೌಡರು ಭಾರೀ ಆಳು. ನಮ್ಮಲ್ಲಿ ಭಾರವಿದ್ದವರಿಗೆ ಮರ್ಯಾದೆ ಹೆಚ್ಚು, ಯಾಕೆಂದರೆ ಮೈಯಲ್ಲಿ ತೂಕವಿದ್ದವರು ಸರಿಯುವುದಿಲ್ಲ ಎಂಬುದು ಅಜ್ಜ ಮುತ್ತಜ್ಜರಿಂದ ಬಂದ ಮಾತು. ತೆಳ್ಳಗಿನ ಹುಡುಗಿಯರಿಗೆ ಇಲ್ಲಿ ಗಂಡು ಸಿಗುವುದು ಕಷ್ಟ. ಗೌಡರು ನೀಲವ್ವನನ್ನು ಮೇಲಿಂದ ಕೆಳಗೆ ನೋಡಿ, ಹೊಟ್ಟೆಗೆ ಸರಿಯಾಗಿ ತಿಂದಿಲ್ಲ ಎಂದು ತೀರ್ಪು ಕೊಟ್ಟರು. ಮಡಿಲಲ್ಲಿ ಬೀಸುಕಲ್ಲು ಇಡಲು ಹೇಳಿದರು. ನಾಲ್ಕು ಜನ ಸೇರಿ ಇಟ್ಟರು. ನೀಲವ್ವ ಬೀಸುಕಲ್ಲನ್ನು ಮಗುವಿನ ಹಾಗೆ ತಬ್ಬಿಕೊಂಡು, ಹಿಂದಿನ ದಿನ ಎಷ್ಟು ಸರಿದಿದ್ದಳೋ ಅಷ್ಟೇ ಸರಿದಳು.

ನಾನು ವಾಚನಾಲಯಕ್ಕೆ ಹೋಗಿ ಶಾಲೆಯ ಹಳೆಯ ವಿಜ್ಞಾನದ ಪುಸ್ತಕ ತೆಗೆದೆ. ಘರ್ಷಣೆಯ ಪಾಠ ಅದರಲ್ಲಿತ್ತು. ಒಂದು ವಸ್ತು ಇನ್ನೊಂದನ್ನು ಎಷ್ಟು ಬಲವಾಗಿ ಒತ್ತುತ್ತದೋ ಹಿಡಿತ ಅಷ್ಟು ಹೆಚ್ಚು ಎಂದಿತ್ತು. ಗೌಡರು ಗೆದ್ದರೆಂದುಕೊಂಡೆ. ಚಿತ್ರ ನೋಡಿದರೆ, ಇಟ್ಟಿಗೆ ಇಟ್ಟದ್ದು ಮೇಜಿನ ಮೇಲೆ. ಪುಸ್ತಕ ಬರೆದವರಿಗೆ ಸಮತಟ್ಟು ಜಾಗ ಸಿಕ್ಕಿತ್ತು. ಇಳಿಜಾರಿನಲ್ಲಿ ಬೀಸುಕಲ್ಲು ಎಷ್ಟು ಒತ್ತಿ ಹಿಡಿಯುತ್ತದೋ ಅದಕ್ಕೆ ತಕ್ಕಷ್ಟು ಕೆಳಗೂ ಎಳೆಯುತ್ತದೆ. ಹಿಡಿಯುವುದೂ ಅದೇ, ಎಳೆಯುವುದೂ ಅದೇ. ಇದನ್ನು ಗೌಡರಿಗೆ ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಒಂದು ಕಲ್ಲಿಗೆ ನಿಲ್ಲದಿದ್ದರೆ ಎರಡು ಇಡಬೇಕು, ಅದಕ್ಕೆ ಪುಸ್ತಕ ಯಾಕೆ ಎಂದರು. ಎರಡು ಇಟ್ಟರು.

ಆಮೇಲೆ ಬಡಿಗನ ಸರದಿ. ಕೂತ ಜಾಗ ಅಗಲವಾದರೆ ನೆಲ ಹೆಚ್ಚು ಹಿಡಿಯುತ್ತದೆ ಎಂದು ಅವನ ವಾದ. ಕೇಳಿದ ಎಲ್ಲರಿಗೂ ಸರಿ ಅನ್ನಿಸಿತು, ನನಗೂ ಅನ್ನಿಸಿತು. ಬಾಗಿಲಿನಷ್ಟು ಅಗಲದ ಹಲಗೆ ಮಾಡಿ ತಂದ. ಹತ್ತಿಪ್ಪತ್ತು ಜನ ಕೈ ಹಚ್ಚಿ ನೀಲವ್ವನನ್ನು ಅದರ ಮೇಲೆ ಕೂರಿಸಿದರು. ಆಕೆ ಪಲ್ಲಕ್ಕಿಯಲ್ಲಿ ಕೂತವಳ ಹಾಗೆ ಅತ್ತ ಇತ್ತ ನೋಡುತ್ತ, ಅದೇ ನಡಿಗೆಯಲ್ಲಿ, ಮನೆಯ ಬಾಗಿಲು ದಾಟಿ ಬೀದಿಗೆ ಬಂದಳು. ಅಗಲಕ್ಕೂ ಹಿಡಿತಕ್ಕೂ ಸಂಬಂಧವಿಲ್ಲವೆಂದು ಪುಸ್ತಕದ ಮುಂದಿನ ಪುಟದಲ್ಲಿತ್ತು. ಆ ಹೊತ್ತಿಗೆ ಅದನ್ನು ಹೇಳುವುದರಲ್ಲಿ ಅರ್ಥವಿರಲಿಲ್ಲ, ಹಲಗೆಗೆ ಆಗಲೇ ಅರಿಸಿನ ಕುಂಕುಮ ಹಚ್ಚಿಯಾಗಿತ್ತು.

ಹಿಡಿತ ಯಾವುದರಿಂದ ಬರುತ್ತದೆಂದು ನಮ್ಮೂರಿನವರಿಗೆ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಚೆನ್ನಾಗಿ ಗೊತ್ತಿತ್ತು. ಬೀಸುಕಲ್ಲು ಸವೆದು ನುಣುಪಾದರೆ ಜೋಳ ಹಿಡಿಯುವುದಿಲ್ಲ. ಆಗ ಉಳಿ ಸುತ್ತಿಗೆ ತೆಗೆದುಕೊಂಡು, ಮೈ ಕೆತ್ತಿ, ಅದಕ್ಕೆ ಮುಳ್ಳು ಹೊಡೆಯುತ್ತೇವೆ. ಈ ಕೆಲಸ ಬಾರದ ಮನೆ ಊರಿನಲ್ಲಿಲ್ಲ. ಒಂದು ಮೈ ನುಣುಪಾದರೆ ಇನ್ನೊಂದು ಮೈಯನ್ನಾದರೂ ಒರಟು ಮಾಡಬೇಕು ಎಂಬುದು ಮಕ್ಕಳಿಗೂ ಗೊತ್ತು. ಹಾಸುಗಲ್ಲಿಗೆ ಮುಳ್ಳು ಹೊಡೆದರೆ ಜಾರುವವರು ನಿಲ್ಲಬಹುದು. ಹೊಡೆಯಬಾರದೆಂದು ಯಾರೂ ಕಟ್ಟು ಮಾಡಿರಲಿಲ್ಲ. ಆದರೆ ನಿಂತವರು ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ. ಆ ಎಲ್ಲೋ ಒಂದು ಕಡೆಗೆ ಎದುರಾಗಿ ಯಾರದೋ ಬಾಗಿಲು ಇರುತ್ತದೆ. ಅದಕ್ಕಾಗಿ ಬೀಸುಕಲ್ಲು ಹೊರುವುದಕ್ಕೂ ಹಲಗೆ ಕೊಯ್ಯುವುದಕ್ಕೂ ಊರಿಗೆ ಊರೇ ಸೇರುತ್ತದೆ. ಉಪಯೋಗಕ್ಕೆ ಬಾರದ ಉಪಾಯಗಳಿಗೆ ನಮ್ಮಲ್ಲಿ ಯಾರ ಅಡ್ಡಿಯೂ ಇಲ್ಲ.

ನೀಲವ್ವ ಬೀದಿಯಲ್ಲಿ ಇಳಿಯುತ್ತ ಹೋದಳು. ಮೊದಮೊದಲು ಒಂದು ಮನೆಯ ಬಾಗಿಲಿನಿಂದ ಇನ್ನೊಂದು ಮನೆಯ ಬಾಗಿಲಿಗೆ ಬರಲು ಮುಂಜಾನೆಯಿಂದ ಸಂಜೆಯಾಗುತ್ತಿತ್ತು. ಅಡಿವೆಪ್ಪ ಬದಿಯ ಕಲ್ಲಿನ ಮೇಲೆ ಅವಳ ಜೊತೆಗೇ ಇಳಿಯುತ್ತಿದ್ದ. ಕೈಯಲ್ಲಿ ಕೊಡೆ, ಹೆಗಲಲ್ಲಿ ರೊಟ್ಟಿಯ ಗಂಟು. ಮಗ್ಗ ಮೇಲೆಯೇ ಉಳಿಯಿತು. ಮಲಗಲು ಯಾರದಾದರೂ ಕಟ್ಟೆ. ಜಾರುವವರು ಎದುರಿಗೆ ಬಂದಾಗ ಎದ್ದು ನಿಂತು ಕೈ ಮುಗಿಯುವುದು, ನೀರು ಬೇಕೇ ಎಂದು ಕೇಳುವುದು ನಮ್ಮ ಪದ್ಧತಿ. ಎಲ್ಲರೂ ಪಾಲಿಸಿದರು. ಕೈ ಮುಗಿಯುವಾಗ ಒಂದು ಕಣ್ಣು ಆಕೆ ತಮ್ಮ ಬಾಗಿಲು ದಾಟಲು ಇನ್ನೆಷ್ಟು ಇದೆಯೆಂದು ಅಳೆಯುತ್ತಿರುತ್ತದೆ, ಅದೂ ಪದ್ಧತಿಯೇ.

ಕೂತು ಕೂತು ಬೇಸರವೆಂದು ಆಕೆ ಕದಿರು ತರಿಸಿಕೊಂಡಳು. ನೂಲು ಬರಲಿಲ್ಲ. ಉಣ್ಣೆಯ ಒಂದು ಎಳೆ ಇನ್ನೊಂದನ್ನು ಹಿಡಿಯುವುದು ಅದರ ಒರಟಿನಿಂದ. ಆಕೆಯ ಬೆರಳು ಸೋಕಿದ ಎಳೆಗಳು ಒಂದರಿಂದೊಂದು ಕಳಚಿಕೊಂಡು ಗಾಳಿಗೆ ಹಾರಿದವು. ರೊಟ್ಟಿ ಕೈಯಲ್ಲಿ ನಿಲ್ಲಲಿಲ್ಲ. ಅಡಿವೆಪ್ಪ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದ. ಊಟವಾದ ಮೇಲೆ ಆಕೆಯ ಕೈ ಹಿಡಿಯಲು ನೋಡುತ್ತಿದ್ದ. ನೀರಿನಲ್ಲಿ ಮೀನು ಹಿಡಿದ ಹಾಗೆ ಆ ಕೈ ಅವನ ಕೈಯಿಂದ ತಪ್ಪಿಸಿಕೊಳ್ಳುತ್ತಿತ್ತು. ದಿನಕ್ಕೊಮ್ಮೆ ಹಿಡಿದು ನೋಡುವುದನ್ನು ಮಾತ್ರ ಅವನು ಬಿಡಲಿಲ್ಲ. ಇದನ್ನು ನಾನು ನೋಡುತ್ತಿದ್ದೇನೆಂದು ತಿಳಿದಾಗ ಆಕೆ, ಲಗ್ನದಾಗ ಹಿಡಿದಾವ ಅವತ್ತ ಬಿಟ್ಟಿದ್ದ, ಈಗ ನೆನಪಾತು ಎಂದಳು. ಅಡಿವೆಪ್ಪ ನಗಲಿಲ್ಲ. ಆಕೆಯೂ ಎರಡನೆಯ ಸಲ ಹೇಳಲಿಲ್ಲ.

ವಾಚನಾಲಯ ದಾಟಿದ ಮೇಲೆ ಬೀದಿ ಕಡಿದಾಗಿ ಇಳಿದು, ನೀಲವ್ವನ ಓರಗೆಯ ಬಂಗಾರೆವ್ವನ ಮನೆಯ ಹತ್ತಿರ ಒಂದು ತಿರುವು ತೆಗೆದುಕೊಳ್ಳುತ್ತದೆ. ತಿರುವಿನಲ್ಲಿ ಓರೆ ಸ್ವಲ್ಪ ಕಡಿಮೆ. ಅದನ್ನು ದಾಟಿದರೆ ಗೋಡೆ ಇಳಿದ ಹಾಗೆ ಇಳಿಜಾರು. ಅಲ್ಲಿಂದ ಮುಂದೆ ಹೋಗುವವರ ಜೊತೆಗೆ ನಡೆದು ಹೋಗಲಾಗುವುದಿಲ್ಲ, ಓಡಬೇಕು. ಸ್ವಲ್ಪ ದೂರದ ಮೇಲೆ ಓಡಿಯೂ ಆಗುವುದಿಲ್ಲ. ಮಕ್ಕಳು, ಗಂಡಂದಿರು, ತಾಯಂದಿರು ಎಲ್ಲರೂ ತಮ್ಮವರನ್ನು ಕಳಿಸಿ ಹಿಂದಿರುಗುವುದು ಆ ತಿರುವಿನಿಂದಲೇ. ಅದರಾಚೆಗಿನ ಬದಿಯ ಕಲ್ಲುಗಳ ಮೇಲೆ ಹುಲ್ಲು ಬೆಳೆದಿದೆ.

ನೀಲವ್ವ ತಿರುವಿನ ಹತ್ತಿರ ಬರುವ ಮೊದಲೇ, ನೆತ್ತಿಯ ಮೇಲೆ ಸೂರ್ಯನಿರುವಾಗ, ಅಡಿವೆಪ್ಪ ಉಳಿ ಸುತ್ತಿಗೆ ಹಿಡಿದು ಬಂಗಾರೆವ್ವನ ಬಾಗಿಲ ಮುಂದೆ ಮಂಡಿಯೂರಿದ. ಮೊದಲ ಪೆಟ್ಟಿಗೆ ಉಳಿ ಜಾರಿ ಅವನ ಕೈ ಕೆತ್ತಿತು. ತಲೆತಲಾಂತರದಿಂದ ತಿಕ್ಕಿದ ಕಲ್ಲು. ಎರಡನೆಯ ಪೆಟ್ಟಿಗೆ ಚಕ್ಕೆ ಎದ್ದಿತು. ಬೀಸುಕಲ್ಲಿಗೆ ಮುಳ್ಳು ಹೊಡೆಯುವ ಸಪ್ಪಳ ನಮಗೆಲ್ಲ ಗೊತ್ತಿರುವುದೇ. ಆದರೆ ಆ ಸಪ್ಪಳ ಬೀದಿಯ ನಡುವಿನಿಂದ ಬಂದಾಗ ಮನೆಮನೆಗಳಲ್ಲಿ ಉಣ್ಣುತ್ತಿದ್ದವರು ಕೈ ತೊಳೆಯದೆ ಹೊರಗೆ ಬಂದರು. ಯಾರೂ ಅವನನ್ನು ತಡೆಯಲಿಲ್ಲ. ಯಾವ ಮಾತು ಹೇಳಿ ತಡೆಯಬೇಕೆಂದು ಯಾರಿಗೂ ತೋಚಲಿಲ್ಲ. ಗೌಡರು ಮಾತ್ರ, ಹಿಂಗ ಮಾಡಿದರ ಹೆಂಗ, ಎಂದು ಒಂದು ಸಲ ಅಂದು, ಬಂಗಾರೆವ್ವನ ಕಟ್ಟೆಯ ಮೇಲೆ ಕೂತರು. ಅಡಿವೆಪ್ಪ ಕಲ್ಲಿನ ಮೇಲೆ ಕಣ್ಣಿಟ್ಟು ಹೊಡೆಯುತ್ತಿದ್ದ. ರಕ್ತ ಹಿಡಿಯ ಮೇಲೆ ಇಳಿದು ಅಂಟಾಗಿ, ಉಳಿ ಕೈಯಲ್ಲಿ ಚೆನ್ನಾಗಿ ಕೂತಿತು.

ಬಿಸಿಲು ಇಳಿಯುವ ಹೊತ್ತಿಗೆ ನೀಲವ್ವ ಬಂದಳು. ಹಲಗೆ, ಬೀಸುಕಲ್ಲು ಎಲ್ಲವನ್ನೂ ಮೇಲೆಯೇ ತೆಗೆಸಿಹಾಕಿ ಬರಿಯ ಕಲ್ಲಿನ ಮೇಲೆ ಕೂತಿದ್ದಳು. ಮುಳ್ಳು ಹೊಡೆದ ಜಾಗದ ಅಂಚಿಗೆ ಆಕೆಯ ಕಾಲು ತಾಗಿತು, ಹಿಮ್ಮಡಿ ಒಳಗೆ ಬಂತು, ಮೈ ಒಳಗೆ ಬಂತು. ಅರ್ಧದವರೆಗೆ ಬಂದಳು. ಆಮೇಲೆ ಬರಲಿಲ್ಲ. ಬೀದಿಯಲ್ಲಿ ನಿಂತಿದ್ದ ನಾವೆಲ್ಲ ಆಕೆ ಮುಂದೆ ಸರಿಯುವುದನ್ನು ಕಾಯುತ್ತಿದ್ದೆವು. ಆಕೆಯ ನೆರಳು ಸರಿಯಿತು, ಆಕೆ ಸರಿಯಲಿಲ್ಲ. ಅಡಿವೆಪ್ಪ ಸುತ್ತಿಗೆ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಈ ಊರು ಹುಟ್ಟಿದಾಗಿನಿಂದ ಆ ದಾರಿಯಲ್ಲಿ ನಿಂತವರು ಆಕೆಯೊಬ್ಬಳೇ. ಅಂಥ ಹೊತ್ತಿಗೆ ತಕ್ಕ ಮಾತು ಆಡುತ್ತಾಳೆಂದು ಎಲ್ಲರೂ ಕಿವಿಗೊಟ್ಟೆವು.

“ಎಷ್ಟ ಚುಚ್ಚತಾವಪ್ಪ ಇವು,” ಎಂದಳು. “ಬೀಸೂಕಲ್ಲಿಗೆ ಹೊಡಿ ಅಂದ್ರ ನಾಕ ಪೆಟ್ಟ ಹಾಕಿ ಏಳತಿದ್ದಿ.”

ಅಡಿವೆಪ್ಪ ಬೀದಿಯಲ್ಲಿ ಎಲ್ಲರ ಮುಂದೆ ಅತ್ತ. ಬಂಗಾರೆವ್ವ ಒಳಗೆ ಹೋಗಿ ಮಜ್ಜಿಗೆ ತಂದಳು.

ಬಂಗಾರೆವ್ವ ಮತ್ತು ನೀಲವ್ವ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಬಂಗಾರೆವ್ವನದು ತುಂಬಿದ ಮನೆ: ಗಂಡ, ಅತ್ತೆ, ನಾಲ್ವರು ಮೊಮ್ಮಕ್ಕಳು. ಮನೆಯಲ್ಲಿ ಮಾಡಿದ್ದರಲ್ಲಿ ಮೊದಲ ಪಾಲು ನೀಲವ್ವನಿಗೆ ಬರತೊಡಗಿತು. ಅಡಿವೆಪ್ಪ ನಾಲ್ಕು ಬಿದಿರಿನ ಗಳ ನೆಟ್ಟು ಕಂಬಳಿಯ ಚಪ್ಪರ ಮಾಡಿದ. ಕೂತಲ್ಲಿ ಕಂಬಳಿ ಹಾಸುವ ಹಾಗಿರಲಿಲ್ಲ, ಹಾಸಿದರೆ ನುಣುಪಾಗುತ್ತಿತ್ತು. ಆಕೆ ಮುಳ್ಳಿನ ಮೇಲೆಯೇ ಕೂರಬೇಕು, ಮುಳ್ಳಿನ ಮೇಲೆಯೇ ಮಲಗಬೇಕು. ಮೈಯೆಲ್ಲ ಗಾಯವಾಯಿತು. ಆದರೂ ಆಕೆಯ ಮುಖದಲ್ಲಿ ಇಷ್ಟು ದಿನ ಇಲ್ಲದ ಕಳೆ ಬಂದಿತ್ತು. ಎದುರಿನ ಗೋಡೆಯನ್ನು ನೋಡಿಕೊಂಡು ಕೂರುತ್ತಿದ್ದಳು. ಅದರ ಮೇಲಿನ ಹಲ್ಲಿ ಯಾವ ಹೊತ್ತಿಗೆ ಬರುತ್ತದೆ, ಯಾವ ಬಿರುಕಿನಲ್ಲಿ ಹೋಗುತ್ತದೆಂದು ಗುರುತಿಟ್ಟಿದ್ದಳು. ನಾನು ಪತ್ರಿಕೆ ಓದಿ ಹೇಳಲು ಹೋದರೆ ಮೊದಲು ಹಲ್ಲಿಯ ಸುದ್ದಿ ಹೇಳುತ್ತಿದ್ದಳು. ದಿನಕ್ಕೊಂದು ಗೋಡೆ ನೋಡಿ ಸಾಕಾಗಿತ್ತು ಮಾಸ್ತರ್ರ, ನಿನ್ನೆ ನೋಡಿದ್ದ ಗೋಡೆಯನ್ನು ಇವತ್ತು ನೋಡುವುದೆಂದರೆ ಏನು ಸುಖ ಎಂದು ನಿಮಗೆ ತಿಳಿಯುವುದಿಲ್ಲ ಎಂದಳು. ಅಡಿವೆಪ್ಪ ಮಗ್ಗವನ್ನು ಬಿಚ್ಚಿ ತಿರುವಿಗೆ ತರುವ ಮಾತಾಡುತ್ತಿದ್ದ.

ಆಕೆ ನಿಂತ ಮೇಲೆ ಊರು ಮಾತ್ರ ಸರಿಯತೊಡಗಿತು. ಮೇಲಿನ ಓಣಿಯ ಒಬ್ಬ ಮುದುಕ ತನಗೆ ಹಿಡಿತ ಬಿಟ್ಟರೆ ಎಲ್ಲಿ ನಿಲ್ಲಬೇಕೆಂದು ಜಾಗ ನೋಡುತ್ತ ತಿರುಗಿದ. ಅವನು ನೋಡಿ ಹೋದ ಬಾಗಿಲುಗಳ ಮುಂದೆ ಅಮಾವಾಸ್ಯೆ ಇಲ್ಲದೆಯೂ ಎಣ್ಣೆ ಬಿತ್ತು. ತಮ್ಮವರನ್ನು ತಿರುವಿನವರೆಗೆ ಕಳಿಸಿ ಬಂದಿದ್ದ ಮಕ್ಕಳು, ಗಂಡಂದಿರು ನೀಲವ್ವನನ್ನು ನೋಡಲು ಬಂದು, ಬಹಳ ಹೊತ್ತು ನಿಂತು ಹೋದರು. ಅವರಿಗೆ ಆಕೆಯ ಮೇಲೆ ಸಿಟ್ಟಿತ್ತು. ಯಾಕೆಂದು ಕೇಳಿದ್ದರೆ ಹೇಳಲು ಅವರಿಗೆ ಬರುತ್ತಿರಲಿಲ್ಲ. ಉಳಿ ಎಲ್ಲರ ಮನೆಯಲ್ಲೂ ಇತ್ತು.

ಅಷ್ಟರಲ್ಲಿ ಬಂಗಾರೆವ್ವನ ಅಡುಗೆಮನೆಯಲ್ಲಿ ನೆಲುವಿನ ಪಕ್ಕದ ಹಲಗೆಯ ಮೇಲಿದ್ದ ಬೆಲ್ಲದ ಡಬ್ಬಿ ಒಂದು ಬೆರಳು ಸರಿದಿರುವುದು ಕಂಡಿತು. ತಿರುಗಿ ಇಟ್ಟರು. ಮರುದಿನ ಮತ್ತೆ ಸರಿದಿತ್ತು. ಗೌಡರನ್ನು ಕರೆಸಿ ತೋರಿಸಿದರು. ಗೌಡರು ಡಬ್ಬಿಯ ಮೇಲೆ ಭಾರ ಇಡಲು ಹೇಳಿದರು. ಅದೂ ಸರಿಯಿತು. ಓಣಿಯವರು ಸೇರಿದರು. ಯಾರೂ ನೀಲವ್ವನ ಹೆಸರು ಎತ್ತಲಿಲ್ಲ. ಮನೆ ಜಾರಿದ ಆ ಹಳೆಯ ಕಥೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡರು, ಎಲ್ಲರಿಗೂ ಗೊತ್ತಿದ್ದರೂ. ಕುಂಬಳಬಳ್ಳಿಯವರೆಗೆ ಪೂರ್ತಿ ಹೇಳಿದರು. ಬಂಗಾರೆವ್ವ ಕೇಳುತ್ತ ಕೂತಿದ್ದಳು. ಅವತ್ತು ರಾತ್ರಿಯ ಊಟವನ್ನೂ ತಪ್ಪದೆ ತಂದು ಕೊಟ್ಟಳು.

ಒಂದು ಬೆಳಿಗ್ಗೆ ಅಡಿವೆಪ್ಪ ಮಗ್ಗ ಬಿಚ್ಚಲೆಂದು ಮೇಲಿನ ಮನೆಗೆ ಹೋಗಿದ್ದ. ನಾನು ಕಟ್ಟೆಯ ಮೇಲೆ ಕೂತು ನೀಲವ್ವನಿಗೆ ಪತ್ರಿಕೆ ಓದುತ್ತಿದ್ದೆ. ಬಂಗಾರೆವ್ವ ತಲೆಸ್ನಾನ ಮಾಡಿ, ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ, ಅರಿಸಿನದ ಕೊಂಬು ಇಟ್ಟುಕೊಂಡು ಬಂದಳು. ಅವಳ ಹಿಂದೆ ಓಣಿಯ ಹೆಂಗಸರು ಇಬ್ಬರು ಮೂವರು ಬಂದು ದೂರದಲ್ಲಿ ನಿಂತರು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಆ ಸಾಮಾನು. ನೀಲವ್ವ ಹರಿವಾಣವನ್ನು ನೋಡಿದಳು, ಬಂಗಾರೆವ್ವನ ಮುಖ ನೋಡಿದಳು, ಇವತ್ತು ಯಾವ ಹಬ್ಬ ಎಂದು ಕೇಳಲಿಲ್ಲ. ಸೆರಗನ್ನು ಮುಂದಕ್ಕೆ ಹಿಡಿದಳು.

ಬಂಗಾರೆವ್ವ ಕುಂಕುಮ ಹಚ್ಚಿದಳು, ಅದು ಹಣೆಯ ಮೇಲೆ ನಿಲ್ಲಲಿಲ್ಲ. ಅಕ್ಕಿ ಹಾಕಿದಳು. ಉಡಿಯಲ್ಲಿ ಅಕ್ಕಿಯೂ ನಿಲ್ಲಲಿಲ್ಲ, ಕಾಳು ಕಾಳಾಗಿ ಉರುಳಿ, ಮುಳ್ಳು ಹೊಡೆದ ಜಾಗ ದಾಟಿ, ತಿರುವಿನಿಂದ ಕೆಳಗೆ ಹೋಯಿತು. ಬಂಗಾರೆವ್ವ ಹಟದಿಂದ ಬೊಗಸೆ ತುಂಬಿ ತುಂಬಿ ಹಾಕಿದಳು. ಹರಿವಾಣ ಖಾಲಿಯಾಗುವವರೆಗೆ ಹಾಕಿ, ಬರಿಗೈಯಲ್ಲಿ ಕೂತಳು.

“ನಾಕ ಸಣ್ಣ ಹುಡುಗ್ರು ಮಲಗತಾವ ನೀಲಿ, ನಮ್ಮ ಮನ್ಯಾಗ.”

“ಗೊತ್ತೈತಿ.”

“ಡಬ್ಬಿ ದಿನಾ ಸರೀತೈತಿ.”

“ನಿಮ್ಮತ್ತಿ ಕದ್ದ ಬೆಲ್ಲಾ ತಿಂತಾಳ,” ಎಂದಳು ನೀಲವ್ವ. “ಆ ಮುದುಕಿ ಸರಸಿರತಾಳ ಹುಚ್ಚಿ. ನೀ ಬಂದಾಗಿಂದ ತಿಂತಾಳಂತ ನೀನ ಹೇಳೀದಿ.”

ಬಂಗಾರೆವ್ವನಿಗೆ ನಗು ಬಂತು. ಸೆರಗು ಬಾಯಿಗೆ ಹಿಡಿದು ನಕ್ಕಳು, ನೀಲವ್ವನೂ ನಕ್ಕಳು. ದೂರದ ಹೆಂಗಸರು ಯಾಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನಗುತ್ತ ನಗುತ್ತ ಬಂಗಾರೆವ್ವನ ಕಣ್ಣಿನಲ್ಲಿ ನೀರು ಬಂತು. ಇರಬಹುದು, ಮುದುಕಿಯೇ ಇರಬಹುದು ಎಂದು ಅವಳು ಒಪ್ಪಿಕೊಂಡಳು. ಆದರೆ ಇರಬಹುದು ಎಂಬ ಮಾತಿನ ಮೇಲೆ ಮಕ್ಕಳನ್ನು ಮಲಗಿಸಲು ಆಗುವುದಿಲ್ಲ ಎಂದಳು. ಒಳಗೆ ಹೋಗಿ ಎಣ್ಣೆಯ ತಂಬಿಗೆ ತಂದಳು.

“ಮಾಸ್ತರ್ರ,” ಎಂದಳು ನನ್ನನ್ನು ನೋಡದೆ, “ಸ್ವಲ್ಪ ಕಾಲ ತಗೋರಿ, ಎಣ್ಣಿ ಆಗತೈತಿ.”

ನಾನು ಕಾಲು ಮೇಲಕ್ಕೆ ತೆಗೆದುಕೊಂಡೆ.

ಎಣ್ಣೆ ಮೊದಲು ಉಳಿಯ ಗುಳಿಗಳಲ್ಲಿ ಇಳಿಯಿತು. ಒಂದೊಂದೇ ಗುಳಿ ತುಂಬಿ ಪಕ್ಕದ ಗುಳಿಗೆ ಹರಿಯಿತು. ನೀಲವ್ವ ತಕ್ಷಣ ಹೊರಡಲಿಲ್ಲ. ನಿಂತದ್ದಕ್ಕೆ ನಿಂತೇ ಇರುವ ಒಂದು ಗುಣವಿರುತ್ತದೆ. ಕೆಡಿಸಲು ಸ್ವಲ್ಪ ಹೊತ್ತು ಬೇಕು. ಒಮ್ಮೆ ಕೆಟ್ಟು ಹೊರಟಿತೆಂದರೆ ತಿರುಗಿ ಹಿಡಿಯುವುದಕ್ಕೆ ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ. ಇದೂ ಪುಸ್ತಕದಲ್ಲಿದೆ. ಆಕೆ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ, ತಲೆ ಹೊರಳಿಸದೆಯೇ, ಗೋಡೆಯ ಮುಂದಿನ ಭಾಗವನ್ನು ನೋಡಿದಳು.

“ಅವಗ ಮೊದಲ ಉಣ್ಣಂತ ಹೇಳ್ರಿ,” ಎಂದು ನನಗೆ ಹೇಳಿದಳು. “ಓಡಿ ಬರೂದ ಬ್ಯಾಡ. ಮೊಣಕಾಲ ಬರೋಬ್ಬರಿ ಇಲ್ಲ ಅವನವು.”

ಅಡಿವೆಪ್ಪ ಮಗ್ಗದ ಮರಗಳನ್ನು ಹೆಗಲ ಮೇಲೆ ಹೊತ್ತು ಇಳಿದು ಬರುತ್ತಿದ್ದವನು ಮೇಲಿನಿಂದಲೇ ಇದನ್ನು ಕಂಡ. ಮರಗಳನ್ನು ಬಿಟ್ಟ. ಅವು ಅವನಿಗಿಂತ ಮೊದಲು ಉರುಳಿ ಬಂದವು. ಅವನು ಬರುವ ಹೊತ್ತಿಗೆ ಆಕೆ ಮುಳ್ಳು ಹೊಡೆದ ಜಾಗದ ಹೊರಗೆ, ತಿರುವಿನ ಕೊನೆಯ 
ಕಲ್ಲಿನ ಮೇಲಿದ್ದಳು. ಆಕೆಯ ಹಿಂದೆ ಓಡಬಹುದಿತ್ತು, ಒಂದಿಷ್ಟು ದೂರ. ಅವನು ಓಡಲಿಲ್ಲ. ಆಕೆ ಕೂತಿದ್ದ ಜಾಗದಲ್ಲಿ ಮಂಡಿಯೂರಿ, ಉಟ್ಟ ಧೋತರದ ಚುಂಗಿನಿಂದ ಎಣ್ಣೆ ಒರೆಸತೊಡಗಿದ. ಆ ಜಾಗ ಒಣಗಿದರೆ ಆಕೆ ತಿರುಗಿ ಬಂದು ಅಲ್ಲೇ ಕೂರುತ್ತಾಳೆ ಎಂಬ ಹಾಗೆ, ಎರಡೂ ಕೈಯಿಂದ, ಮೈಭಾರ ಹಾಕಿ ಒರೆಸಿದ. ನಾನು ಆಕೆ ಹೇಳಿದ್ದನ್ನು ಹೇಳಿದೆ. ಕೇಳಿಸಿತೋ ಇಲ್ಲವೋ.

ಮೊದಲು ಬಂಗಾರೆವ್ವ ಒಂದು ಹಳೆಯ ಸೀರೆ ತಂದು ಅವನ ಪಕ್ಕದಲ್ಲಿ ಕೂತಳು. ಆಮೇಲೆ ದೂರ ನಿಂತಿದ್ದ ಹೆಂಗಸರು ಬಂದರು. ಓಣಿಯ ಮನೆಗಳಿಂದ ಅರಿವೆ, ಗೋಣಿತಟ್ಟು, ಮಕ್ಕಳ ದುಪ್ಪಟಿ ಬಂದವು. ಗೌಡರು, ಒತ್ತಿ ಒರಸ್ರಿ, ಭಾರ ಹಾಕಿ ಒರಸ್ರಿ, ಎನ್ನುತ್ತ ತಾವೂ ಕಷ್ಟಪಟ್ಟು ಬಗ್ಗಿದರು. ಯಾರೂ ಯಾರನ್ನೂ ಬೈಯಲಿಲ್ಲ. ಜಾಗವಿಲ್ಲದಷ್ಟು ಜನ ಆ ಕಲ್ಲಿನ ಸುತ್ತ ಕೂತು ತಿಕ್ಕಿದರು, ಕೆಲವರು ಅಳುತ್ತಲೂ ಇದ್ದರು. ಅಡಿವೆಪ್ಪ ಹೊಡೆದಿದ್ದ ಮುಳ್ಳುಗಳ ತುದಿ ಅಷ್ಟೊಂದು ಕೈಗಳ ಕೆಳಗೆ ಸವೆದು ಹೊಳೆಯುತ್ತಿತ್ತು. ತಿರುವಿನಾಚೆ ಯಾರೂ ನೋಡಲಿಲ್ಲ. ನಾನು ಪತ್ರಿಕೆಯನ್ನು ಮಡಚಿ ಕಟ್ಟೆಯ ಮೇಲಿಟ್ಟು, ಹೆಗಲ ಮೇಲಿನ ಟವೆಲ್ ತೆಗೆದುಕೊಂಡು, ಅವರ ನಡುವೆ ಜಾಗ ಮಾಡಿಕೊಂಡು ಕೂತೆ.